‘ಬೇಡ’ ಎಂದರೂ ಕುಕೀ ಮತ್ತೆ ಮತ್ತೆ ಕೇಳುವುದೇಕೆ?

ಪ್ರಶ್ನೆ: ಕುಕೀ ಬೇಡ ಎಂದು ಒತ್ತಿದರೂ ಅದೇ ವೆಬ್‌ಸೈಟ್ ಮರುದಿನ ಮತ್ತೆ ಕೇಳುತ್ತದೆ. ಸಾಕಾಗಿ ಈಗೆಲ್ಲ ಸುಮ್ನೆ ‘ಎಲ್ಲ ಒಪ್ಪಿಗೆ’ ಒತ್ತಿಬಿಡುತ್ತೇನೆ. ತಪ್ಪೇ?

ಉತ್ತರ: ತಪ್ಪು. ಇದನ್ನು ಎಷ್ಟು ಸಲ ಹೇಳಿದರೂ ಮತ್ತೆ ಇದೇ ಪ್ರಶ್ನೆ ಬರುತ್ತದೆ. ನಿಮಗೆ ಬೇಜಾರು ಹುಟ್ಟಿಸಿ ಒಪ್ಪಿಸಿಕೊಳ್ಳುವುದೇ ಕೆಲವರ ಉಪಾಯ. ಅದಕ್ಕೆ ಯಾಕೆ ಸೋಲುತ್ತೀರಿ?

ಕುಕೀ ಎಂದರೆ ವೆಬ್‌ಸೈಟ್ ನಿಮ್ಮನ್ನು ನೆನಪಿಡಲು ನಿಮ್ಮ ಬ್ರೌಸರ್‌ನಲ್ಲಿ ಇಡುವ ಚಿಕ್ಕ ಗುರುತು. ನಿಮ್ಮ ‘ಬೇಡ’ವನ್ನು ನೆನಪಿಡಲೂ ಸಾಮಾನ್ಯವಾಗಿ ಒಂದು ಕುಕೀ ಬೇಕು. ನೀವು ಕುಕೀಗಳನ್ನು ಅಳಿಸಿದರೆ, ಇನ್‌ಕಾಗ್ನಿಟೋದಲ್ಲಿ (ಮುಚ್ಚಿದೊಡನೆ ಕುಕೀಗಳನ್ನು ಮರೆಯುವ ಖಾಸಗಿ ಕಿಟಕಿ) ನೋಡಿದರೆ, ಫೋನ್ ಬಿಟ್ಟು ಲ್ಯಾಪ್‌ಟಾಪ್ ತೆಗೆದರೆ ಆ ನೆನಪು ಇರುವುದಿಲ್ಲ. ಅಲ್ಲಿ ವೆಬ್‌ಸೈಟನ್ನು ಬೈಯಬೇಡಿ. ಆದರೆ ಅದೇ ಬ್ರೌಸರ್, ಏನೂ ಅಳಿಸಿಲ್ಲ, ಆದರೂ ದಿನಾ ಕೇಳುತ್ತದೆ ಎಂದರೆ ‘ಹೌದು’ ವರ್ಷವಿಡೀ ಉಳಿಯಲಿ, ‘ಬೇಡ’ ನಾಳೆಗೇ ಅಳಿಯಲಿ ಎಂದು ಯಾರೋ ಬೇಕಂತಲೇ ಮಾಡಿರಬಹುದು. ಹಾಗೆ ಮಾಡಿಕೊಡಿ ಎಂದು ಒಬ್ಬರು ನನ್ನನ್ನೇ ಕೇಳಿದ್ದರು. ಆ ಕೆಲಸ ಬಿಟ್ಟೆ. ಫ್ರಾನ್ಸ್‌ನ ಖಾಸಗಿತನ ಕಾಯುವ ಸಂಸ್ಥೆ ಸಿಎನ್‌ಐಎಲ್, ಹೌದು ಬೇಡ ಎರಡನ್ನೂ 6 ತಿಂಗಳು ನೆನಪಿಡುವುದು ಒಳ್ಳೆಯ ರೂಢಿ ಎನ್ನುತ್ತದೆ. ಅದೇ ಸಂಸ್ಥೆ 2021ರ ಕೊನೆಯಲ್ಲಿ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಹಾಕಿತು. ಒಪ್ಪಲು ಒಂದು ಒತ್ತು ಸಾಕಿತ್ತು, ನಿರಾಕರಿಸಲು ಹಲವು ಒತ್ತು ಬೇಕಿತ್ತು ಎಂಬುದೇ ಕಾರಣ.

‘ಬೇಡ’ ಎಂದರೆ ಸೈಟ್ ಕೆಡುತ್ತದೆ ಎನ್ನುವವರ ಮಾತು ಕೇಳಬೇಡಿ. ಲಾಗಿನ್, ಖರೀದಿ ಬುಟ್ಟಿಗೆ ಬೇಕಾದ ಕುಕೀಗಳಿಗೆ ಯುರೋಪಿನ ಕಾನೂನಿನಲ್ಲೂ ಒಪ್ಪಿಗೆ ಬೇಕಿಲ್ಲ. ಅವು ಹೇಗೂ ಇರುತ್ತವೆ. ನಿಮ್ಮ ‘ಹೌದು’ ಜಾಸ್ತಿ ಉಪಯೋಗಕ್ಕೆ ಬರುವುದು ಜಾಹೀರಾತಿನವರಿಗೆ. ಒಂದೇ ಜಾಹೀರಾತು ಕಂಪನಿ ಸಾವಿರಾರು ಸೈಟುಗಳಲ್ಲಿ ಕೂತಿರುತ್ತದೆ. ಇಲ್ಲಿ ಕಾಯಿಲೆ ಬಗ್ಗೆ ಓದಿದ್ದು, ಅಲ್ಲಿ ಸಾಲ ಹುಡುಕಿದ್ದು, ಎರಡನ್ನೂ ಅದು ಒಬ್ಬರದೇ ಎಂದು ಜೋಡಿಸಬಲ್ಲದು. ನನಗೆ ಹೆದರಿಕೆ ಇರುವುದು ಈ ಜೋಡಣೆಗೆ.

‘ಬೇಡ’ ಗುಂಡಿ ಕಾಣದಿದ್ದರೆ ‘ಆಯ್ಕೆಗಳು’ ತೆರೆಯಿರಿ. ಒಳಗೆ ‘ನ್ಯಾಯಸಮ್ಮತ ಹಿತಾಸಕ್ತಿ’ (ನಿಮ್ಮ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಬಹುದು ಎಂದು ಕಂಪನಿಗಳು ಕೊಡುವ ಕಾರಣ) ಎಂಬ ಇನ್ನೊಂದು ಪಟ್ಟಿ ಇರಬಹುದು. ಅಲ್ಲಿನ ಸ್ವಿಚ್‌ಗಳು ಮೊದಲೇ ಆನ್ ಆಗಿರುತ್ತವೆ, ಅವನ್ನೂ ಆಫ್ ಮಾಡಿ. ಈಗಾಗಲೇ ಒಪ್ಪಿದ್ದರೆ ಪುಟದ ಕೆಳಗಿನ ‘ಕುಕೀ ಸೆಟ್ಟಿಂಗ್ಸ್’ನಲ್ಲಿ ಒಪ್ಪಿಗೆ ಹಿಂಪಡೆದು, ಆ ಸೈಟಿನ ಕುಕೀಗಳನ್ನು ನೀವೇ ಅಳಿಸಿ. ಬ್ರೌಸರ್‌ನಲ್ಲಿ ಮೂರನೆಯವರ ಕುಕೀಗಳನ್ನೂ (ನೀವು ತೆರೆದ ಸೈಟಿನವಲ್ಲದ, ಜಾಹೀರಾತು ಕಂಪನಿಯಂಥ ಬೇರೆಯವರ ಕುಕೀಗಳು) ತಡೆಯಿರಿ. ಸಫಾರಿ 2020ರಿಂದ ತಾನೇ ತಡೆಯುತ್ತದೆ, ಕ್ರೋಮ್‌ನಲ್ಲಿ ನೀವೇ ಆನ್ ಮಾಡಬೇಕು.

ಪ್ರಶ್ನೆ: ಕುಕೀಯಿಂದ ವೈರಸ್ ಬರುತ್ತದೆ, ಅಲ್ವಾ?

ಉತ್ತರ: ಇಲ್ಲ. ಅದು ಬರೀ ಅಕ್ಷರಗಳ ತುಣುಕು, ಓಡುವ ಪ್ರೋಗ್ರಾಂ ಅಲ್ಲ.

ಪ್ರಶ್ನೆ: ದುಡ್ಡು ಕೊಟ್ಟು ಕುಕೀ ಕ್ಲೀನರ್ ಆ್ಯಪ್ ಹಾಕಿಕೊಳ್ಳಲೇ?

ಉತ್ತರ: ಬೇಡವೇ ಬೇಡ. ಬ್ರೌಸರ್ ಪುಕ್ಕಟೆ ಮಾಡುವ ಕೆಲಸವನ್ನು ಹೆದರಿಸಿ ಮಾರುತ್ತಿದ್ದಾರೆ.

ಪ್ರಶ್ನೆ: ನನ್ನ ವೆಬ್‌ಸೈಟಿಗೆ ಒಪ್ಪಿಗೆ ಕೇಳುವ ಪಟ್ಟಿ ಹಾಕಿಸಿದ್ದೇನೆ. ಸಾಕಲ್ಲವೇ?

ಉತ್ತರ: ಹೊಸ ಇನ್‌ಕಾಗ್ನಿಟೋ ಕಿಟಕಿಯಲ್ಲಿ ಸೈಟ್ ತೆರೆದು, ಯಾವ ಗುಂಡಿಯನ್ನೂ ಒತ್ತದೆ, ಡೆವಲಪರ್ ಟೂಲ್ಸ್‌ನಲ್ಲಿ (ಪುಟದ ಒಳಗೆ ಏನಾಗುತ್ತಿದೆ ಎಂದು ತೋರಿಸುವ ಬ್ರೌಸರ್‌ನದೇ ಸಲಕರಣೆ) ಕುಕೀಗಳನ್ನು ನೋಡಿ. ಜಾಹೀರಾತಿನ ಕುಕೀ ಆಗಲೇ ಅಲ್ಲಿದ್ದರೆ ನೀವು ಕೇಳುವ ಮೊದಲೇ ತೆಗೆದುಕೊಂಡಿದ್ದೀರಿ. ‘ಹೌದು’ ಬರುವವರೆಗೆ ಆ ಕುಕೀ ಇಡುವ ಸ್ಕ್ರಿಪ್ಟ್ (ಪುಟದಲ್ಲಿ ಓಡುವ ಚಿಕ್ಕ ಪ್ರೋಗ್ರಾಂ) ಲೋಡ್ ಆಗಬಾರದು. ಇವತ್ತೇ ಸರಿಮಾಡಿಸಿ.