ಆನ್ ಆಗದ ಹಳೇ ಕಂಪ್ಯೂಟರ್: ಹೊಸದು ಕೊಳ್ಳುವ ಮೊದಲು ಇಷ್ಟು ನೋಡಿ

ಅಣ್ಣ, ನೀವು ಬರೆದದ್ದು ಓದಿದೆ. ಗುಡುಗು ಬಂದು ಕರೆಂಟ್ ಹೋಗಿ ಬಂದ ಮೇಲೆ ಹನ್ನೊಂದು ವರ್ಷದ ಡೆಸ್ಕ್‌ಟಾಪ್ ಆನ್ ಆಗ್ತಿಲ್ಲ, ಅಂಗಡಿಯವರು ಬಿಚ್ಚಿಯೂ ನೋಡದೆ ಹೊಸದು ತಗೊಳ್ಳಿ ಅಂದರು, ತೋಟದ ಲೆಕ್ಕ, ಫೋಟೊ ಎಲ್ಲ ಅದರಲ್ಲೇ ಇದೆ, ಅಡಿಕೆ ಮಾರುವವರೆಗೆ ಕೈಯಲ್ಲಿ ದುಡ್ಡಿಲ್ಲ ಅಂತ. ಅವಸರದಲ್ಲಿ ಏನನ್ನೂ ಕೊಳ್ಳಬೇಡಿ. ಹೀಗೆ ನಿಂತಾಗ ಎಷ್ಟೋ ಸಲ ಹೋಗಿರುವುದು ಒಂದೇ ಭಾಗ.

ಎಲ್ಲಕ್ಕಿಂತ ಮೊದಲು ಲೆಕ್ಕ ಉಳಿಸಿಕೊಳ್ಳಿ. ಅದು ಇರುವುದು ಹಾರ್ಡ್ ಡಿಸ್ಕ್‌ನಲ್ಲಿ, ಕಂಪ್ಯೂಟರ್ ಸತ್ತರೂ ಡಿಸ್ಕ್ ಬದುಕಿರಬಹುದು. ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ತೆಗೆದು, ಡಿಸ್ಕ್‌ನ ಎರಡು ವೈರ್ ಮತ್ತು ನಾಲ್ಕು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ. ಪರಿಚಯದವರ ಮನೆಯಲ್ಲಿ ಡೆಸ್ಕ್‌ಟಾಪ್ ಇದ್ದರೆ ಅದಕ್ಕೆ ಎರಡನೇ ಡಿಸ್ಕ್ ಆಗಿ ಜೋಡಿಸಿ, ಖರ್ಚೇ ಇಲ್ಲ. ಲ್ಯಾಪ್‌ಟಾಪ್ ಮಾತ್ರ ಇದ್ದರೆ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಸಾಟಾ-ಯುಎಸ್‌ಬಿ ಅಡಾಪ್ಟರ್ ಬೇಕು. ಡೆಸ್ಕ್‌ಟಾಪ್‌ನ ದೊಡ್ಡ ಡಿಸ್ಕ್‌ಗೆ 12 ವೋಲ್ಟ್ ಬೇರೆಯಾಗಿ ಕೊಡಬೇಕು, ಹಾಗಾಗಿ ಜೊತೆಗೆ ಕರೆಂಟ್ ಅಡಾಪ್ಟರ್ ಇರುವುದನ್ನೇ ಕೇಳಿ ತಗೊಳ್ಳಿ. ಬರೀ ಯುಎಸ್‌ಬಿ ವೈರ್ ಇರುವುದು ಲ್ಯಾಪ್‌ಟಾಪ್‌ನ ಚಿಕ್ಕ ಡಿಸ್ಕ್‌ಗೆ ಮಾತ್ರ. ಹಳೇ ಡಿಸ್ಕ್‌ನ ಸಿ ಡ್ರೈವ್ ಇಲ್ಲಿ ಬೇರೆ ಅಕ್ಷರದಲ್ಲಿ ಕಾಣುತ್ತದೆ, ಅದರ ಯೂಸರ್ಸ್ ಫೋಲ್ಡರ್ ಒಳಗೆ ನಿಮ್ಮ ಹೆಸರಿನ ಫೋಲ್ಡರ್ ಇರುತ್ತದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್ ಎರಡೂ ಅಲ್ಲೇ. ಅನುಮತಿ ಇಲ್ಲ ಅಂತ ಬಂದರೆ ಕಂಟಿನ್ಯೂ ಒತ್ತಿ. ಆದರೆ ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡಿದರೆ ತಕ್ಷಣ ಆಫ್ ಮಾಡಿ, ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಅಂಥ ಡಿಸ್ಕ್‌ನಿಂದ ಮಾಹಿತಿ ತೆಗೆಸುವುದು ದುಬಾರಿ ಕೆಲಸ.

ಇನ್ನು ಪೆಟ್ಟಿಗೆ. ಪ್ಲಗ್ ಕಿತ್ತೇ ಇರಲಿ. ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು, ಸ್ವಲ್ಪ ಹೊತ್ತು ಬಿಟ್ಟು ಹಾಕಿ ನೋಡಿ. ಕರೆಂಟ್ ಏರುಪೇರಾದಾಗ ಎಸ್‌ಎಂಪಿಎಸ್ (ಪೆಟ್ಟಿಗೆಯೊಳಗೆ ಎಲ್ಲ ಭಾಗಕ್ಕೂ ಕರೆಂಟ್ ಕೊಡುವ ಡಬ್ಬ) ತಾನೇ ಲಾಕ್ ಆಗಿರಬಹುದು, ಕೆಲವೊಮ್ಮೆ ಇಷ್ಟಕ್ಕೇ ಸರಿಹೋಗುತ್ತದೆ. ಗೋಡೆಯ ಸಾಕೆಟ್, ಯುಪಿಎಸ್, ಕೇಬಲ್ ಸರಿ ಇದೆಯಾ ಅಂತಲೂ ನೋಡಿ. ಯುಪಿಎಸ್ ಬ್ಯಾಟರಿ ಕೆಟ್ಟು ಇಡೀ ಕಂಪ್ಯೂಟರ್ ಮೇಲೆ ಅಪವಾದ ಬರುವುದೂ ಉಂಟು.

ಫ್ಯಾನ್ ಕೂಡ ತಿರುಗದಿದ್ದರೆ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆ. ಪ್ಲಗ್ ಕಿತ್ತು, ಒಳಗಿನ ಮುಖ್ಯ ಬೋರ್ಡ್ ಆದ ಮದರ್‌ಬೋರ್ಡ್‌ಗೆ ಹೋಗುವ 24 ಪಿನ್‌ನ ದೊಡ್ಡ ಕನೆಕ್ಟರ್ ಮತ್ತು ಉಳಿದ ವೈರ್ ಎಲ್ಲ ಬಿಡಿಸಿ. ಆ ಕನೆಕ್ಟರ್‌ನಲ್ಲಿ ಹಸಿರು ವೈರ್ ಒಂದೇ ಇರುತ್ತದೆ. ಹಸಿರು ಮತ್ತು ಪಕ್ಕದ ಕಪ್ಪು ವೈರ್‌ನ ತೂತಿಗೆ ಪೇಪರ್ ಕ್ಲಿಪ್ ಬಗ್ಗಿಸಿ ಸಿಕ್ಕಿಸಿ, ಆಮೇಲೆ ಪ್ಲಗ್ ಹಾಕಿ ಸ್ವಿಚ್ ಒತ್ತಿ. ಎಸ್‌ಎಂಪಿಎಸ್ ಫ್ಯಾನ್ ತಿರುಗಲೇ ಇಲ್ಲ ಅಂದರೆ ಅದು ಹೋಗಿದೆ ಅಂತಲೇ ಹೆಚ್ಚಿನ ಸಲ. ತಿರುಗಿದರೆ ಪೂರ್ತಿ ಸರಿ ಇದೆ ಅಂತಲೂ ಅಲ್ಲ, ಬೇರೆ ಎಸ್‌ಎಂಪಿಎಸ್ ಹಾಕಿ ನೋಡುವುದೇ ಖಾತ್ರಿ. ಕೆಲವು ಕಂಪನಿ ಕಂಪ್ಯೂಟರ್‌ಗಳಲ್ಲಿ ಈ ಕನೆಕ್ಟರ್ ಬೇರೆ ಥರ ಇರುತ್ತದೆ, 24 ಪಿನ್ ಇಲ್ಲದಿದ್ದರೆ ಕೈ ಹಾಕಬೇಡಿ. ಎಸ್‌ಎಂಪಿಎಸ್ ಡಬ್ಬವನ್ನಂತೂ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ, ಜೀವಕ್ಕೆ ಅಪಾಯ.

ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿದ್ದರೆ, ಪ್ಲಗ್ ಕಿತ್ತು, ಮದರ್‌ಬೋರ್ಡ್ ಮೇಲಿನ ಉದ್ದ ಪಟ್ಟಿಯಂಥ ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಕ್ಲಿಕ್ ಅನ್ನುವ ತನಕ ಒತ್ತಿ ಕೂರಿಸಿ. ನಮ್ಮ ಮಳೆಗಾಲದ ತೇವಕ್ಕೆ ಅಲ್ಲಿ ಕಿಲುಬು ಕೂರುತ್ತದೆ. ಎರಡು ರ‍್ಯಾಮ್ ಇದ್ದರೆ ಒಂದೊಂದೇ ಹಾಕಿ ನೋಡಿ. ಹಾಗೇ ಸಿಆರ್2032 ಅನ್ನುವ ಬಿಲ್ಲೆ ಸೆಲ್ ಕೂಡ ಬದಲಿಸಿ, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಮದರ್‌ಬೋರ್ಡ್ ಮೇಲೆ ಸಣ್ಣ ಡಬ್ಬಿಯಂಥ ಕೆಪಾಸಿಟರ್‌ಗಳ ತಲೆ ಉಬ್ಬಿದೆಯಾ, ಇರುವೆ, ಹಲ್ಲಿ ಸೇರಿಕೊಂಡಿವೆಯಾ ನೋಡಿ. ಉಬ್ಬಿದ ಕೆಪಾಸಿಟರ್ ಅನ್ನು ಟಿವಿ ರಿಪೇರಿಯವರೂ ಬದಲಿಸುತ್ತಾರೆ.

ಮದರ್‌ಬೋರ್ಡೇ ಹೋಗಿದ್ದರೆ ಅದಕ್ಕೆ ದುಡ್ಡು ಸುರಿಯಬೇಡಿ. ಹನ್ನೊಂದು ವರ್ಷದ ಬೋರ್ಡ್ ಹೊಸದು ಸಿಗುವುದೇ ಕಷ್ಟ, ಸಿಕ್ಕಿದರೂ ಅದರ ಆಯಸ್ಸು ನಂಬುವ ಹಾಗಿಲ್ಲ. ಆಫೀಸಿನಲ್ಲಿ ಬಳಸಿ ಬಿಟ್ಟ ಡೆಲ್ ಆಪ್ಟಿಪ್ಲೆಕ್ಸ್, ಲೆನೊವೊ ಥಿಂಕ್‌ಸೆಂಟರ್ ಥರದ ಕಂಪ್ಯೂಟರ್‌ಗಳು ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸಿಗುತ್ತವೆ, ಮಾನಿಟರ್, ಕೀಬೋರ್ಡ್ ನಿಮ್ಮದೇ ಬಳಸಬಹುದು. ಇಂಟೆಲ್ ಆದರೆ 8ನೇ ಜನರೇಶನ್ ಅಥವಾ ಅದರ ಮೇಲಿನದೇ ಕೇಳಿ, ವಿಂಡೋಸ್ 11ಕ್ಕೆ ಅಷ್ಟು ಬೇಕು. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ಬಿಲ್ಲು ಮತ್ತು ಗ್ಯಾರಂಟಿ ಬರೆಸಿಕೊಳ್ಳದೆ ಕೊಳ್ಳಬೇಡಿ.

ಹಳೆಯದೇ ಎದ್ದು ಕೂತರೆ ಒಂದು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಡಿಸ್ಕ್) ಹಾಕಿಸಿ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಕೊಳ್ಳಿ. ಪುಕ್ಕಟೆ, 4 ಜಿಬಿ ರ‍್ಯಾಮ್‌ನಲ್ಲಿ ಆರಾಮಾಗಿ ಓಡುತ್ತದೆ, ಎಕ್ಸೆಲ್ ಲೆಕ್ಕ ಲಿಬ್ರೆಆಫೀಸ್‌ನಲ್ಲಿ ತೆರೆಯುತ್ತದೆ. ನುಡಿ ಅಥವಾ ಬರಹದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಮಾತ್ರ ಅಕ್ಷರ ಚೆಲ್ಲಾಪಿಲ್ಲಿ ಕಾಣುತ್ತದೆ. ಹೆದರಬೇಡಿ, ಯೂನಿಕೋಡ್‌ಗೆ ಬದಲಿಸಿಕೊಂಡರೆ ಸರಿಹೋಗುತ್ತದೆ. ಟ್ಯಾಲಿ ಬಳಸುತ್ತಿದ್ದರೆ ವಿಂಡೋಸ್‌ನಲ್ಲೇ ಇರಿ.

ಅಲ್ಲಿಯವರೆಗೆ ಪಹಣಿ ನೋಡುವುದು, ಡಿಜಿಲಾಕರ್, ಬ್ಯಾಂಕ್ ಕೆಲಸ ಎಲ್ಲ ಫೋನ್‌ನಲ್ಲೇ ಆಗುತ್ತದೆ. ಫೋನಿಗೆ ಯುಎಸ್‌ಬಿ ವೈರ್ ಸಿಕ್ಕಿಸುವ ಓಟಿಜಿ ಪಿನ್ ಹಾಕಿ, ಯುಎಸ್‌ಬಿ ಆದರೆ ನಿಮ್ಮ ಹಳೇ ಕೀಬೋರ್ಡನ್ನೇ ಫೋನಿಗೆ ಜೋಡಿಸಿದರೆ ಲೆಕ್ಕ ಬರೆಯುವುದೂ ಸುಲಭ.

ಇನ್ನು ಮೇಲೆ ಮೋಡ ಕಟ್ಟಿದ ಕೂಡಲೇ ಪ್ಲಗ್ ಜೊತೆ ಇಂಟರ್ನೆಟ್ ವೈರನ್ನೂ ಕಿತ್ತಿಡಿ. ಫೋನ್ ಲೈನ್‌ನಿಂದ ಮೋಡೆಮ್‌ಗೆ, ಅಲ್ಲಿಂದ ಕಂಪ್ಯೂಟರ್‌ಗೆ ಸಿಡಿಲಿನ ಏಟು ಬರುತ್ತದೆ. ಸ್ವಿಚ್ ಆಫ್ ಮಾಡಿದರೆ ಸಾಲದು. ಪೆಟ್ಟಿಗೆ ಬಿಚ್ಚಿದ ಮೇಲೆ ಮದರ್‌ಬೋರ್ಡ್ ಮತ್ತು ಎಸ್‌ಎಂಪಿಎಸ್ ಮೇಲಿನ ಸ್ಟಿಕರ್ ಫೋಟೊ ತೆಗೆದು ಇಲ್ಲಿ ಹಾಕಿ, ಬೋರ್ಡ್ ಮೇಲೆ ಲೈಟ್ ಉರಿಯುತ್ತಾ, ಬೀಪ್ ಸದ್ದು ಬರುತ್ತಾ ಅಂತಲೂ ತಿಳಿಸಿ. ಯಾವ ಭಾಗ ತರಬೇಕು ಅಂತ ನೋಡಿ ಹೇಳ್ತೇನೆ.