ಕ್ರಿ.ಶ.ನೋ ಸಾ.ಶ.ನೋ ಅನ್ನೋದು ಬಿಡಿ, ಮೊದಲು ತಿಂಗಳು ನೋಡಿ

ಊರಿನ ವೀರಗಲ್ಲಿಗೆ ಫಲಕ ಹಾಕಿಸ್ತಿದ್ದೀರಿ, ಇಸವಿಯ ಮುಂದೆ ಕ್ರಿ.ಶ. (ಕ್ರಿಸ್ತ ಶಕ) ಬರೆಯಬೇಕೋ ಸಾ.ಶ. (ಸಾಮಾನ್ಯ ಶಕ) ಬರೆಯಬೇಕೋ, ಸುಲಭದ ಹೋಲಿಕೆ ಕೊಟ್ಟು ಹೇಳಿ ಅಂತ ಕೇಳಿದ್ದೀರಿ. ನಮ್ಮೂರಲ್ಲೂ ಇದಕ್ಕೇ ಗುಡಿಯ ಜಗಲಿ ಮೇಲೆ ಕೂತು ಕಿತ್ತಾಡಿದೆವು. ಕಡೆಗೆ ಸಾ.ಶ. ಗೆದ್ದಿತು. ಇಸವಿಯೇ ತಪ್ಪಾಯಿತು.

ನಮ್ಮ ಕಲ್ಲಿನಲ್ಲಿ ಇದ್ದದ್ದು ಹಳೆಯ ಶಾಸನಗಳ ಲೆಕ್ಕದ ಶಕವರ್ಷ 1095, ವಿಜಯ ಸಂವತ್ಸರ, ಮಾಘ ಮಾಸ. ಶಕಕ್ಕೆ 78 ಕೂಡಿಸಿದರೆ ಇಸವಿ ಬರುತ್ತದೆ ಅಂತ ಎಲ್ಲೋ ಓದಿದ್ದೆ. ಕೂಡಿಸಿದೆ, 1173 ಬಂತು. ಗ್ರಾನೈಟಿನಲ್ಲಿ ಕೆತ್ತಿಸಿಬಿಟ್ಟೆ.

ಎಡವಿದ್ದು ಇಲ್ಲಿ. ಶಕವರ್ಷ ಶುರುವಾಗೋದು ಚೈತ್ರದಲ್ಲಿ, ಯುಗಾದಿಗೆ. ಇಸವಿ ಬದಲಾಗೋದು ಜನವರಿಯಲ್ಲಿ. ಚೈತ್ರದಿಂದ ಮಾರ್ಗಶಿರದವರೆಗೆ 78 ಸರಿ. ಮಾಘ, ಫಾಲ್ಗುಣ ಬರುವಷ್ಟರಲ್ಲಿ ಇಸವಿ ಮುಂದಕ್ಕೆ ಹೋಗಿರುತ್ತದೆ, ಶಕ ಅಲ್ಲೇ ಇರುತ್ತದೆ. ಆಗ ಸಾಮಾನ್ಯವಾಗಿ 79 ಕೂಡಿಸಬೇಕು. ಪುಷ್ಯ ಎರಡೂ ಕಡೆ ಬೀಳಬಹುದು, ತಿಥಿ ನೋಡಿಯೇ ಹೇಳಬೇಕು. ನಮ್ಮದು ಮಾಘ, ಹಾಗಾಗಿ 1174. ಕಲ್ಲಿನಲ್ಲಿ ಕೆತ್ತಿದ 3 ಅನ್ನು 4 ಮಾಡೋಕೆ ಬರಲ್ಲ. ಹೊಸ ಕಲ್ಲು, ಹೊಸ ಕೂಲಿ, ಎಲ್ಲಾ ನನ್ನ ಜೇಬಿನಿಂದಲೇ.

ತಿಂಗಳು ಅಳಿಸಿಹೋಗಿದ್ದರೆ ಎರಡೂ ಇಸವಿ ಬರೆಯಿರಿ, ನಾಚಿಕೆ ಬೇಡ. ಐಹೊಳೆಯ ಮೇಗುತಿ ಗುಡಿಯ ರವಿಕೀರ್ತಿ ಶಾಸನದಲ್ಲಿ ಶಕ 556 ಇದೆ. ಅದನ್ನು 634–35 ಅಂತ ಬರೆಯೋದು ಇದಕ್ಕೇ.

ಸಂವತ್ಸರದ ಹೆಸರಿದ್ದರೆ ತಾಳೆ ನೋಡೋದನ್ನು ಬಿಡಬೇಡಿ. 60 ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ. 2013ರ ಯುಗಾದಿಗೆ ಬಂದದ್ದು ವಿಜಯ. ಅಲ್ಲಿಂದ 840 ವರ್ಷ, ಅಂದರೆ 14 ಸುತ್ತು ಹಿಂದೆ ಹೋದರೆ 1173ರ ಯುಗಾದಿ. ಆ ವಿಜಯದ ಮಾಘ 1174ರಲ್ಲೇ ಬರೋದು. ಒಂದು ವರ್ಷ ಆಚೀಚೆ ಆದರೆ, ಶಾಸನದವರು ನಡೆಯುತ್ತಿರುವ ವರ್ಷವನ್ನು ಎಣಿಸಿದ್ದರೋ, ಮುಗಿದ ವರ್ಷವನ್ನು ಎಣಿಸಿದ್ದರೋ ಅಂತ ನೋಡಬೇಕು. 78, 79ರ ಲೆಕ್ಕ ಮುಗಿದ ವರ್ಷಕ್ಕೆ ಮಾತ್ರ.

ಇನ್ನು ನೀವು ಕೇಳಿದ ಹೋಲಿಕೆ. ಬೆಂಗಳೂರಿನ ಸೌತ್ ಪೆರೇಡ್ ಎಂ.ಜಿ. ರೋಡ್ ಆಯಿತಲ್ವಾ? ರಸ್ತೆ ಅದೇ. ಕ್ರಿ.ಶ. 1174 ಅಂದರೂ ಸಾ.ಶ. 1174 ಅಂದರೂ ಹಾಗೇ, ಒಂದು ದಿನದ ವ್ಯತ್ಯಾಸವೂ ಇಲ್ಲ. ಕ್ರಿ.ಪೂ., ಸಾ.ಶ.ಪೂ. ಕೂಡ ಅಷ್ಟೇ. ಇವುಗಳಲ್ಲಿ ಸೊನ್ನೆ ವರ್ಷ ಇಲ್ಲ, ಕ್ರಿ.ಪೂ. 1 ಆದಮೇಲೆ ನೇರ ಕ್ರಿ.ಶ. 1. ವೀರಗಲ್ಲಿಗೆ ಅದರ ತಲೆನೋವಿಲ್ಲ ಬಿಡಿ.

ನಾನಾದರೆ ಸಾ.ಶ. ಹಾಕುತ್ತೇನೆ, ಈಗಿನ ಮಕ್ಕಳು ಪಠ್ಯದಲ್ಲಿ ಓದೋದು ಅದನ್ನೇ. ಆದರೆ ಶಕವರ್ಷ, ಸಂವತ್ಸರ, ಮಾಸ ಮೂರನ್ನೂ ಕಲ್ಲಿನಲ್ಲಿ ಇದ್ದ ಹಾಗೇ ಮೇಲೆ ಬರೆದು, ಇಸವಿಯನ್ನು ಕೆಳಗೆ ಹಾಕಿ. ನಮ್ಮ ಹೊಸ ಫಲಕದಲ್ಲಿ ಹಾಗೇ ಮಾಡಿದ್ದೇವೆ. ನಿಮ್ಮ ಕಲ್ಲಿನಲ್ಲಿ ಮಾಸ ಯಾವುದು ಅಂತ ನೀವು ಬರೆದೇ ಇಲ್ಲ, ಅದನ್ನು ಹೇಳಿ.