ಕಂಪ್ಯೂಟರ್ ಪ್ರಶ್ನೋತ್ತರ: ಹಾರ್ಡ್ ಡಿಸ್ಕ್ ಬಂದು ಮಾಯವಾಗುತ್ತಿದೆ

ಪ್ರಶ್ನೆ: ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರಿನ ಮುಂಭಾಗದ ಯುಎಸ್‌ಬಿ ಪೋರ್ಟಿಗೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಜೋಡಿಸಿದರೆ ದೀಪ ಹೊತ್ತಿಕೊಂಡು, ಒಳಗೆ ‘ಟಕ್ ಟಕ್’ ಎಂದು ಸದ್ದಾಗಿ, ಸ್ವಲ್ಪ ಹೊತ್ತಿನಲ್ಲೇ ಪರದೆಯಿಂದ ಮಾಯವಾಗುತ್ತದೆ. ಅದೇ ಪೋರ್ಟಿನಲ್ಲಿ ಪೆನ್‌ಡ್ರೈವ್ ಸರಿಯಾಗಿ ನಡೆಯುತ್ತದೆ. ನಿನ್ನೆ ‘ಫಾರ್ಮ್ಯಾಟ್ ಮಾಡಬೇಕೇ’ ಎಂದೂ ಕೇಳಿತು. ಮಗಳ ಮದುವೆಯ ಫೋಟೊಗಳೆಲ್ಲ ಅದರಲ್ಲೇ ಇವೆ. ಏನು ಮಾಡಲಿ?
– ಓದುಗರೊಬ್ಬರು, ಬೆಟಗೇರಿ, ಗದಗ

ಉತ್ತರ: ಫಾರ್ಮ್ಯಾಟ್ ಮಾಡಲು, ಅಂದರೆ ಡಿಸ್ಕನ್ನು ಅಳಿಸಿ ಹೊಸದಾಗಿ ಸಿದ್ಧಪಡಿಸಲು, ದಯವಿಟ್ಟು ಒಪ್ಪಬೇಡಿ. ಡಿಸ್ಕಿನಲ್ಲಿರುವುದನ್ನು ಓದಲಾಗದಿದ್ದಾಗ ವಿಂಡೋಸ್ ಆ ಪ್ರಶ್ನೆ ಕೇಳುತ್ತದೆಯೇ ಹೊರತು ಫೋಟೊಗಳು ಅಳಿದುಹೋಗಿವೆ ಎಂದು ಅದರ ಅರ್ಥವಲ್ಲ.

ಪೆನ್‌ಡ್ರೈವ್ ನಡೆಯುತ್ತದೆ, ಹಾರ್ಡ್ ಡಿಸ್ಕ್ ನಡೆಯುವುದಿಲ್ಲ ಎಂಬ ನಿಮ್ಮ ಮಾತಿನಲ್ಲೇ ಮುಖ್ಯ ಸುಳಿವಿದೆ. ಪೆನ್‌ಡ್ರೈವಿನಲ್ಲಿ ತಿರುಗುವ ಭಾಗವಿಲ್ಲ, ಅದಕ್ಕೆ ತೀರಾ ಕಡಿಮೆ ವಿದ್ಯುತ್ ಸಾಕು. ಹಾರ್ಡ್ ಡಿಸ್ಕಿನೊಳಗೆ ತಟ್ಟೆಯನ್ನು ತಿರುಗಿಸುವ ಮೋಟಾರ್ ಇದ್ದು, ಅದು ತಿರುಗಲು ಶುರುಮಾಡುವ ಕ್ಷಣದಲ್ಲೇ ಹೆಚ್ಚು ವಿದ್ಯುತ್ ಎಳೆಯುತ್ತದೆ. ಯುಎಸ್‌ಬಿ 2.0 ಪೋರ್ಟು 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್, ಯುಎಸ್‌ಬಿ 3.0 ಪೋರ್ಟು 900 ಮಿಲಿಆಂಪಿಯರ್ ಕೊಡಬೇಕೆಂಬುದು ನಿಯಮ. ಮುಂಭಾಗದ ಪೋರ್ಟುಗಳು ಕ್ಯಾಬಿನೆಟ್ಟಿನೊಳಗಿನ ತೆಳು ವೈರುಗಳ ಮೂಲಕ ಮದರ್‌ಬೋರ್ಡಿಗೆ (ಕಂಪ್ಯೂಟರಿನ ಮುಖ್ಯ ಸರ್ಕ್ಯೂಟ್ ಹಲಗೆಗೆ) ಸೇರುವುದರಿಂದ, ವೈರು ಹಳೆಯದಾಗಿದ್ದರೆ ಅಥವಾ ಪಿನ್ನು ಸಡಿಲವಾಗಿದ್ದರೆ ಮೋಟಾರಿಗೆ ಬೇಕಾದಷ್ಟು ವಿದ್ಯುತ್ ತಲುಪದೆ ಡಿಸ್ಕು ಮತ್ತೆ ಮತ್ತೆ ಶುರುವಾಗಲು ಹೆಣಗುತ್ತದೆ. ಹಿಂಭಾಗದ ಪೋರ್ಟುಗಳು ಮದರ್‌ಬೋರ್ಡಿನ ಮೇಲೆಯೇ ಇರುತ್ತವೆ. ಹಬ್ (ಒಂದು ಪೋರ್ಟನ್ನು ಹಲವು ಮಾಡುವ ಪೆಟ್ಟಿಗೆ) ಅಥವಾ ಎಕ್ಸ್‌ಟೆನ್ಷನ್ ಕೇಬಲ್ ಬಳಸದೆ ಅಲ್ಲಿಗೇ ಜೋಡಿಸಿ. ಕೇಬಲ್ಲನ್ನೂ ಬದಲಿಸಿ ನೋಡಿ, ಗಿಡ್ಡದಾದಷ್ಟೂ ಒಳ್ಳೆಯದು.

ಮಗ್ಗಗಳ ಊರಿನಲ್ಲಿರುವ ನಿಮಗೆ ಇನ್ನೊಂದು ಮಾತು ಹೇಳಲೇಬೇಕು. ಟಾರ್ಚ್ ಹಿಡಿದು ಪೋರ್ಟಿನೊಳಗೆ ನೋಡಿದರೆ ನೂಲಿನ ಎಳೆ, ಹತ್ತಿಯ ಧೂಳು ಮೂಲೆಯಲ್ಲಿ ಒತ್ತಿಕೊಂಡು ಕುಳಿತಿರಬಹುದು, ಆಗ ಪ್ಲಗ್ಗು ಕೂದಲೆಳೆಯಷ್ಟು ಹೊರಗೇ ನಿಲ್ಲುತ್ತದೆ. ಕಂಪ್ಯೂಟರನ್ನು ಆರಿಸಿ, ಪವರ್ ಕೇಬಲ್ ತೆಗೆದು, ಒಣಗಿದ ಮೃದು ಬ್ರಷ್‌ನಿಂದ ತೆಗೆಯಿರಿ. ಬಾಯಿಂದ ಊದಿದರೆ ಉಗುಳಿನ ತೇವ ಒಳಗೆ ಹೋಗುತ್ತದೆ.

ಸದ್ದು ನಿಂತು ಡಿಸ್ಕು ಸ್ಥಿರವಾಗಿ ನಡೆದರೆ, ಬೇರೆ ಯಾವುದನ್ನೂ ಮಾಡುವ ಮೊದಲು ಫೋಟೊಗಳನ್ನು ಇನ್ನೊಂದು ಕಡೆ ನಕಲು ಮಾಡಿಟ್ಟುಕೊಳ್ಳಿ. ಸ್ಥಿರವಾಗಿದ್ದೂ ‘ದಿಸ್ ಪಿಸಿ’ಯಲ್ಲಿ ಕಾಣದಿದ್ದರೆ ವಿಂಡೋಸಿನಲ್ಲೇ ಇರುವ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಎಂಬ ಸೌಲಭ್ಯ ತೆರೆದು, ಡ್ರೈವಿಗೆ ಅಕ್ಷರ (E:, F: ಎಂಬಂಥ ಗುರುತು) ಇಲ್ಲದಿದ್ದರೆ ಒಂದನ್ನು ಕೊಡಿ. ಬೇರೆ ಕೇಬಲ್ ಹಾಕಿ, ಬೇರೊಂದು ಕಂಪ್ಯೂಟರಿನ ಹಿಂಭಾಗಕ್ಕೆ ಜೋಡಿಸಿದಾಗಲೂ ಅದೇ ‘ಟಕ್ ಟಕ್’ ಬಂದರೆ ದೋಷ ಡಿಸ್ಕಿನ ಒಳಗಿನದೇ ಇರಬೇಕು. ಆಗ ಒಮ್ಮೆಯೂ ಮತ್ತೆ ಚಾಲೂ ಮಾಡಬೇಡಿ, ಏಕೆಂದರೆ ಪ್ರತಿ ಪ್ರಯತ್ನದಲ್ಲೂ ತಟ್ಟೆಯ ಮೇಲೆ ಗೀರು ಬೀಳುವ ಅಪಾಯವಿದೆ. ಹುಬ್ಬಳ್ಳಿಗೆ ಹೋಗಿ ಡೇಟಾ ರಿಕವರಿ (ಕೆಟ್ಟ ಡಿಸ್ಕಿನಿಂದ ಮಾಹಿತಿ ಹೊರತೆಗೆಯುವ ಕೆಲಸ) ಮಾಡುವವರನ್ನೇ ವಿಚಾರಿಸಿ. ಡಿಸ್ಕನ್ನು ಬಿಚ್ಚುವ ಮೊದಲು ಖರ್ಚನ್ನು ಬರೆಸಿಕೊಳ್ಳಿ.

ಪ್ರಶ್ನೆ: ಹಾರ್ಡ್ ಡಿಸ್ಕ್ ಜೋಡಿಸಿದೊಡನೆ ವೈರ್‌ಲೆಸ್ ಮೌಸ್ ತಡವರಿಸುತ್ತದೆ. ಮೌಸ್ ಕೆಟ್ಟಿದೆಯೇ?
– ಓದುಗರೊಬ್ಬರು, ಹಾನಗಲ್, ಹಾವೇರಿ ಜಿಲ್ಲೆ

ಉತ್ತರ: ಕೆಟ್ಟಿರಲಾರದು. ಯುಎಸ್‌ಬಿ 3.0 ಸಾಧನಗಳು ಕೆಲಸ ಮಾಡುವಾಗ ಹೊಮ್ಮುವ ರೇಡಿಯೊ ಗದ್ದಲವು ಇಂಥ ಮೌಸ್‌ಗಳು ಬಳಸುವ 2.4 ಗಿಗಾಹರ್ಟ್ಸ್ ತರಂಗಗಳಿಗೆ ಅಡ್ಡಿಯಾಗುತ್ತದೆ. ಮೌಸಿನ ರಿಸೀವರನ್ನು ಡಿಸ್ಕಿನ ಪಕ್ಕದ ಪೋರ್ಟಿನಿಂದ ತೆಗೆದು ದೂರದ ಪೋರ್ಟಿಗೆ ಹಾಕಿ, ಸಾಧ್ಯವಾದರೆ ಗಿಡ್ಡ ಎಕ್ಸ್‌ಟೆನ್ಷನ್ ಕೇಬಲ್ ಮೂಲಕ ಮೇಜಿನ ಮೇಲೆ ಮೌಸಿನ ಹತ್ತಿರಕ್ಕೇ ತನ್ನಿ.